ಗುಡ್ಡೆ ಶಾಲೆಯ ಕಲ್ಲಿನ ಸಾಲು

ಇದು ನಡೆದದ್ದು. ಯಾರೋ ಹೇಳಿ ನಾನು ಕೇಳಿದ್ದಲ್ಲ, ನನ್ನ ಈ ಎರಡು ಕೈಗಳಿಗೆ ಆದದ್ದು. ಆಸ್ಪತ್ರೆಯಲ್ಲಿ ನರ್ಸ್ ಆಗಿ ಸೇರಿ ಮೇಟ್ರನ್ ಆಗಿ ನಿವೃತ್ತಳಾದವಳು ನಾನು. ರೋಗಿಯ ಚಾರ್ಟಿನಲ್ಲಿ ಕಂಡದ್ದನ್ನು ಮಾತ್ರ ಬರೆಯಬೇಕು, ಅನಿಸಿದ್ದನ್ನು ಬರೆಯಬಾರದು ಎಂದು ಹೊಸ ನರ್ಸುಗಳಿಗೆ ಕಲಿಸಿದವಳು. ಇಲ್ಲಿಯೂ ಅದೇ ನಿಯಮ ಇಟ್ಟುಕೊಂಡಿದ್ದೇನೆ. ನಂಬುವುದು ಬಿಡುವುದು ಓದುವವರಿಗೆ ಸೇರಿದ್ದು.

ಕತ್ತಲೆಗೆ ನಾನು ಹೆದರುವುದಿಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬಳೇ ಉದ್ದದ ವಾರ್ಡುಗಳಲ್ಲಿ ನಡೆದಿದ್ದೇನೆ. ಹೋದವರ ಮೈ ಒರೆಸಿ, ಕೈ ಮಡಚಿ, ಬಿಳಿ ಬಟ್ಟೆ ಹೊದಿಸಿದ್ದೇನೆ. ಸತ್ತವರ ಕೈ ಹೇಗಿರುತ್ತದೆಂದು ನನಗೆ ಚೆನ್ನಾಗಿ ಗೊತ್ತು. ಆದ್ದರಿಂದಲೇ ಹೇಳುತ್ತಿದ್ದೇನೆ... ಆ ಸಂಜೆ ನನ್ನ ಕೈಗೆ ತಾಗಿದ ಕೈಗಳು ತಣ್ಣಗಿರಲಿಲ್ಲ.

ನಂತೂರಿನಿಂದ ಬಿಕರ್ನಕಟ್ಟೆಯ ಕಡೆಗೆ ಬರುವಾಗ, ಹೆದ್ದಾರಿಯ ಹಿಂದೆ ಒಂದು ಸಣ್ಣ ಗುಡ್ಡೆ ಇದೆ. ಈಗ ಅದರ ಸುತ್ತ ಅಪಾರ್ಟ್‌ಮೆಂಟುಗಳು, ಟೈಲ್ಸ್ ಅಂಗಡಿಗಳು, ಗ್ಯಾರೇಜುಗಳು. ನಾನು ಸಣ್ಣವಳಿರುವಾಗ ಗುಡ್ಡೆಯ ಕೆಳಗೆ ಗದ್ದೆ, ಗದ್ದೆಯ ಆಚೆ ನೀರು ಹರಿಯುವ ತೋಡು. ಅದು ಪೇಟೆಗೆ ಸೇರದ ಒಂದು ಹಳ್ಳಿ. ಗುಡ್ಡೆಯ ತಲೆಯ ಮೇಲೆ ನಮ್ಮ ಶಾಲೆ. ಉದ್ದನೆಯ ಒಂದು ಕಟ್ಟಡ, ಕೆಂಪು ಮುರಕಲ್ಲಿನ ದಪ್ಪ ಗೋಡೆ, ಹಂಚಿನ ಮಾಡು, ಎದುರಿಗೆ ಜಗಲಿ. ಕೆಳಗಿನ ದಾರಿಯಿಂದ ಶಾಲೆಯವರೆಗೆ ಅದೇ ಕಲ್ಲಿನ ಮೆಟ್ಟಿಲು.

ಆ ಶಾಲೆಗೆ ಒಂದು ಚರಿತ್ರೆ ಇತ್ತು. ಪ್ರತಿ ಸ್ವಾತಂತ್ರ್ಯ ದಿನದ ಭಾಷಣದಲ್ಲಿ ಅದನ್ನು ಹೇಳುತ್ತಿದ್ದರು. ನಾನೂ ದೊಡ್ಡವಳಾದ ಮೇಲೆ ಹಳೆ ವಿದ್ಯಾರ್ಥಿಗಳ ಸಂಘದ ಪರವಾಗಿ ಎಷ್ಟೋ ಸಲ ಹೇಳಿದ್ದೇನೆ. ಅಜ್ಜಂದಿರ ಕಾಲದಲ್ಲಿ ಹಳ್ಳಿಯಲ್ಲಿ ಶಾಲೆ ಇರಲಿಲ್ಲ. ಊರಿನವರೇ ಕಟ್ಟಿದರು. ಹಗಲು ಗದ್ದೆಯ ಕೆಲಸ, ಕತ್ತಲಾದ ಮೇಲೆ ತೆಂಗಿನ ಒಣಗರಿಯ ಸೂಟೆ ಹಚ್ಚಿಕೊಂಡು, ಕೆಳಗಿನ ಕಲ್ಲಿನ ಕೋರೆಯಿಂದ ಗುಡ್ಡೆಯ ಮೇಲಿನವರೆಗೆ ಸಾಲಾಗಿ ನಿಂತು, ಕೈಯಿಂದ ಕೈಗೆ ಕಲ್ಲು ದಾಟಿಸಿದರು. ಹಿಂದೂಗಳು, ಬ್ಯಾರಿ ಮುಸ್ಲಿಮರು, ಗಂಡಸರು, ಹೆಂಗಸರು, ಎಲ್ಲರೂ ಒಂದೇ ಸಾಲು. ಆ ಸಾಲಿನ ಮೊದಲಿಗರು ನಮ್ಮ ಅಜ್ಜ. ಅಲ್ಲಿಗೆ ಬಂದಾಗ ಸಭೆ ಚಪ್ಪಾಳೆ ತಟ್ಟುತ್ತಿತ್ತು.

ಸಾಲು ನಿಲ್ಲುವ ಕ್ರಮ ನನ್ನ ಕಾಲದಲ್ಲೂ ಇತ್ತು. ಯಾರದಾದರೂ ಮನೆಯ ಹಂಚು ಇಳಿಸುವುದಿದ್ದರೆ ನೆರೆಯವರೆಲ್ಲ ಸಾಲು ನಿಲ್ಲುತ್ತಿದ್ದರು. ದಾರಿಯಲ್ಲಿ ಹೋಗುವವರೂ ಚಪ್ಪಲಿ ಬದಿಗೆ ಬಿಟ್ಟು ನಡುವೆ ಸೇರಿಕೊಳ್ಳುತ್ತಿದ್ದರು. ಕರೆಯಬೇಕೆಂದಿರಲಿಲ್ಲ. ಮಕ್ಕಳಿಗೆ ಮೊದಲೇ ಕಲಿಸುತ್ತಿದ್ದರು: ಒಂದು ಬದಿಯಿಂದ ಬಂದದ್ದನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು, ಇನ್ನೊಂದು ಬದಿಗೆ ಕೊಡಬೇಕು. ಕೆಳಗಿಡಬಾರದು, ನಿಲ್ಲಿಸಬಾರದು. ತಲೆ ಎತ್ತಿ ಯಾರ ಮುಖವನ್ನೂ ನೋಡಬಾರದು, ನೋಡಿದರೆ ಕೈ ತಪ್ಪುತ್ತದೆ. ಸಣ್ಣದರಲ್ಲಿ ಕಲಿತದ್ದು ಮೈಯೊಳಗೆ ಹೋಗಿ ಕೂತಿರುತ್ತದೆ. ಈಗಲೂ ನಮ್ಮೂರಿನವರಿಗೆ ಯಾರಾದರೂ ಬದಿಯಿಂದ ಏನಾದರೂ ಕೊಟ್ಟರೆ ಕೈ ತಾನಾಗಿ ಮುಂದೆ ಹೋಗುತ್ತದೆ.

ಮಕ್ಕಳಿಲ್ಲದೆ ಶಾಲೆ ಮುಚ್ಚಿತು. ಕಟ್ಟಡ ಅಪಾಯದಲ್ಲಿದೆ, ಕೆಡವಬೇಕು ಎಂದು ಯಾರೋ ಅರ್ಜಿ ಕೊಟ್ಟರು. ನಾನು ಬಿಡಲಿಲ್ಲ. ಕಚೇರಿಯಿಂದ ಕಚೇರಿಗೆ ನಡೆದೆ. ಕಟ್ಟಡ ಉಳಿಸಿದರೆ ಅಲ್ಲಿ ಬಾಲವಾಡಿ ನಡೆಸುತ್ತೇವೆಂದು ಬರೆದುಕೊಟ್ಟೆ. ಕೊನೆಗೆ ಒಂದು ತೀರ್ಮಾನವಾಯಿತು. ಇಂಜಿನಿಯರ್ ಬಂದು ಗೋಡೆ ಪರೀಕ್ಷೆ ಮಾಡುತ್ತಾರೆ. ಗೋಡೆ ಗಟ್ಟಿಯಿದ್ದರೆ ಶಾಲೆ ನಮಗೆ. ಇಲ್ಲದಿದ್ದರೆ ಕೆಡವುತ್ತಾರೆ, ಮತ್ತೆ ಮಾತಿಲ್ಲ.

ನಾನು ಹೇಳುತ್ತಿರುವುದು ಆ ಪರೀಕ್ಷೆಯ ಹಿಂದಿನ ದಿನದ ಸಂಜೆಯ ವಿಷಯ.

ಮಧ್ಯಾಹ್ನವೇ ಮಣ್ಣಗುಡ್ಡದ ನಮ್ಮ ಮನೆಯಿಂದ ಬಂದು ಶಾಲೆ ಗುಡಿಸಿ, ಗೋಡೆಗೆ ಸುಣ್ಣ ಬಳಿಸಿದ್ದೆ. ಒಂದೊಂದು ಗೋಡೆಯನ್ನೂ ಬಾಗಿಲ ಅಗುಳಿಯಿಂದ ಕೆಳಗಿನಿಂದ ಮೇಲಕ್ಕೆ ಬಡಿದು ನೋಡಿದ್ದೆ. ಎದೆಯ ಮೇಲೆ ಬೆರಳಿಟ್ಟು ತಟ್ಟಿ ಒಳಗೆ ನೀರು ತುಂಬಿದೆಯೋ ಗಾಳಿ ಇದೆಯೋ ಎಂದು ಕೇಳುವ ಕಿವಿ ನನ್ನದು. ಎಲ್ಲಿಯೂ ಟೊಳ್ಳು ಇರಲಿಲ್ಲ. ಪಡುವಣ ಗೋಡೆಯಂತೂ ಬಂಡೆಯಂತಿತ್ತು. ಇದನ್ನು ನೆನಪಿಟ್ಟುಕೊಳ್ಳಿ.

ನನ್ನ ಜೊತೆ ಹಸನಬ್ಬ ಇದ್ದ. ನನಗಿಂತ ಎರಡು ಕ್ಲಾಸು ಕೆಳಗೆ ಕಲಿತವನು. ಬಿಕರ್ನಕಟ್ಟೆಯಲ್ಲಿ ಪೈಂಟ್, ಕಬ್ಬಿಣದ ಅಂಗಡಿ. ಮಕ್ಕಳಿಬ್ಬರೂ ದುಬೈಯಲ್ಲಿ. ಸುಣ್ಣ ಅವನೇ ಕೊಟ್ಟದ್ದು, ಹೊಸ ಬೀಗವನ್ನೂ ಕೊಡುತ್ತೇನೆಂದಿದ್ದ. ಅವನ ಅಜ್ಜನೂ ಆ ಕಲ್ಲಿನ ಸಾಲಿನಲ್ಲಿ ಇದ್ದವರೇ. ಆದರೆ ಸಭೆಯಲ್ಲಿ ನಾನು ಆ ಮಾತು ತೆಗೆದಾಗಲೆಲ್ಲ ಅವನು ಎದ್ದು ಚಹಾ ತರಲು ಹೋಗುತ್ತಿದ್ದ. ಅದೇಕೆಂದು ನಾನು ಯೋಚಿಸಿರಲಿಲ್ಲ.

ನಾನು ಬೆಂಚುಗಳನ್ನು ಸಾಲಾಗಿ ಇಡುವುದನ್ನು ನೋಡಿ ಅವನಿಗೆ ನಗು.

"ಎಂತ ಸುಮತಿಯಕ್ಕ, ನಾಳೆ ಇಂಜಿನಿಯರ್ ಬರುದು ಗೋಡೆ ನೋಡ್ಲಿಕ್ಕೆ. ನಿಮ್ಮ ಬೆಡ್‌ಶೀಟ್ ನೋಡ್ಲಿಕ್ಕೆ ಅಲ್ಲ."

"ಬೆಡ್‌ಶೀಟ್ ಸರಿ ಇದ್ದರೆ ಡಾಕ್ಟ್ರು ಸಹ ಸ್ವಲ್ಪ ಸರಿ ಮಾತಾಡ್ತಾರೆ ಮಾರಾಯ. ನೀನು ಆ ಜೇಡನ ಬಲೆ ತೆಗಿ."

ಕತ್ತಲಾಯಿತು. ಒಂದು ಸಣ್ಣ ಮಳೆ ಬಂದು ನಿಂತಿತು. ಹಸನಬ್ಬ ರಾತ್ರಿಯ ನಮಾಜಿಗೆ ಹೊರಟ. ಮುಗಿಸಿ, ಅಂಗಡಿಯಿಂದ ಬೀಗ ತಂದು, ನನ್ನನ್ನು ರಿಕ್ಷಾ ಹತ್ತಿಸಿ ಹೋಗುತ್ತೇನೆಂದ. ಮೆಟ್ಟಿಲು ಇಳಿಯುವವನು ಅರ್ಧದಲ್ಲಿ ನಿಂತು ತಿರುಗಿ ನೋಡಿದ.

"ಒಳಗೇ ಕೂತುಕೊಳ್ಳಿ ಅಕ್ಕ. ಮೆಟ್ಟಿಲಲ್ಲಿ ನಿಲ್ಲಬೇಡಿ."

"ಯಾಕೆ?"

"ಎಂತ ಇಲ್ಲ. ಪಾಚಿ ಉಂಟು, ಜಾರ್ತದೆ."

ನಾನು ಕಿಟಕಿಗಳನ್ನು ಹಾಕಿದೆ. ಒಂದರ ನಂತರ ಒಂದು, ಬಾಗಿಲಿನ ಎಡಗಡೆಯಿಂದ ಸುರುಮಾಡಿ. ಕೊನೆಯದನ್ನು ಹಾಕುವಾಗ ಕರೆಂಟ್ ಹೋಯಿತು. ಫೋನಿನ ಬ್ಯಾಟರಿ ಮಧ್ಯಾಹ್ನವೇ ಮುಗಿದಿತ್ತು. ಒಳಗೆ ಬಾವಲಿಯ ವಾಸನೆ, ಹಸಿ ಸುಣ್ಣದ ವಾಸನೆ, ಉಸಿರುಗಟ್ಟುವ ಸೆಕೆ. ನಾನು ಹೊರಗೆ ಬಂದೆ. ಜಗಲಿ ದಾಟಿ ಮೆಟ್ಟಿಲು ಇಳಿದೆ. ಸ್ವಲ್ಪ ಕೆಳಗೆ, ಮೆಟ್ಟಿಲಿನ ಬದಿಯ ಗೋಡೆಗೆ ಬೆನ್ನು ಕೊಟ್ಟು, ಹೆದ್ದಾರಿಯ ಬೆಳಕಿನ ಕಡೆಗೆ ಮುಖ ಮಾಡಿ ನಿಂತೆ. ಎಡಗಡೆಗೆ ಮೇಲಿನ ಶಾಲೆ, ಬಲಗಡೆಗೆ ಕೆಳಗಿನ ದಾರಿ.

ನಂತೂರಿನ ಸದ್ದು ಗೊತ್ತಿರುವವರಿಗೆ ನಾನು ಹೇಳಬೇಕಾದದ್ದಿಲ್ಲ. ಹಗಲು ರಾತ್ರಿ ಲಾರಿ, ಬಸ್ಸು, ಬ್ರೇಕು, ಹಾರನ್ನು. ಆ ಸದ್ದು ನಿಲ್ಲುವುದೇ ಇಲ್ಲ.

ನಿಂತಿತು.

ಕಡಿಮೆಯಾದದ್ದಲ್ಲ. ಯಾರೋ ಬಾಗಿಲು ಮುಚ್ಚಿದ ಹಾಗೆ ನಿಂತಿತು. ಕೆಳಗೆ ಬೆಳಕುಗಳು ಓಡುತ್ತಿದ್ದುದು ಕಾಣುತ್ತಿತ್ತು, ಸದ್ದು ಮಾತ್ರ ಇಲ್ಲ. ಮಾಡಿನ ಅಂಚಿನಿಂದ ನೀರು ತೊಟ್ಟಿಕ್ಕುವುದೂ ಕೇಳಲಿಲ್ಲ.

ಆಮೇಲೆ ವಾಸನೆ ಬಂತು. ಆಗತಾನೆ ಕಡಿದ ಮುರಕಲ್ಲಿನ ವಾಸನೆ... ಒದ್ದೆ ಮಣ್ಣಿಗಿಂತ ಚೂಪು, ತುಕ್ಕಿನ ಹಾಗೆ. ಅದರ ಜೊತೆ ಬೆವರು, ಹೊಗೆಸೊಪ್ಪು, ಸುಟ್ಟ ತೆಂಗಿನಗರಿ. ಹತ್ತಿರದಲ್ಲೇ ತುಂಬ ಜನ ಇದ್ದರೆ ಬರುವ ಬಿಸಿ. ಜನರಲ್ ವಾರ್ಡಿನ ಬಾಗಿಲು ತೆಗೆದಾಗ ಮುಖಕ್ಕೆ ಬಡಿಯುವಂಥದ್ದು.

ನನ್ನ ಎಡಗಡೆಯಿಂದ ಏನೋ ತೋಳಿಗೆ ತಾಗಿತು.

ನಾನು ಯೋಚಿಸಲಿಲ್ಲ. ಯೋಚಿಸಿದ್ದರೆ ಕೈ ಚಾಚುತ್ತಿರಲಿಲ್ಲ. ಎರಡೂ ಕೈ ಮುಂದೆ ಹೋದವು, ಕಲ್ಲು ಬಂದು ಕೂತಿತು. ಒರಟು, ಒದ್ದೆ, ಭಾರ. ಮೈ ಬಲಕ್ಕೆ ತಿರುಗಿತು. ಅಲ್ಲಿ ಎರಡು ಕೈ ಕಾಯುತ್ತಿದ್ದವು. ಕಲ್ಲು ಹೋಯಿತು.

ಈ ವಯಸ್ಸಿನಲ್ಲಿ ಅಂಥ ಕಲ್ಲು ಎತ್ತಲು ನನ್ನಿಂದ ಆಗುವುದಿಲ್ಲ. ಆದರೆ ಸಾಲಿನಲ್ಲಿ ಯಾರೂ ಎತ್ತುವುದಿಲ್ಲ. ಅದು ಹೋಗುತ್ತಿರುತ್ತದೆ, ನಾವು ಅದರ ದಾರಿ ಮಾತ್ರ. ಎರಡನೆಯದು ಬಂತು, ಮೂರನೆಯದು ಬಂತು. ನಾನು ತಲೆ ತಗ್ಗಿಸಿಯೇ ಇದ್ದೆ.

ಆ ಕೈಗಳು ಬಿಸಿಯಾಗಿದ್ದವು. ಬೆರಳ ಬುಡದಲ್ಲಿ ದಡ್ಡು, ಉಗುರು ಒಡೆದದ್ದು, ಹೆಬ್ಬೆರಳ ಹತ್ತಿರ ಚರ್ಮ ಸುಲಿದು ರಕ್ತ ಅಂಟಂಟು. ಕೈ ಮುಟ್ಟಿದರೆ ಮನುಷ್ಯ ಹೇಗಿದ್ದಾನೆಂದು ನನಗೆ ತಿಳಿಯುತ್ತದೆ. ನೋವಿನವರ ಕೈ ಹಿಡಿದುಕೊಳ್ಳುತ್ತದೆ. ಹೆದರಿದವರ ಕೈ ನಡುಗುತ್ತದೆ. ಈ ಕೈಗಳು ಅವೆರಡನ್ನೂ ಮಾಡಲಿಲ್ಲ. ಕಲ್ಲು ಕೊಡುವಾಗ ಬೇಕೆಂದೇ ನನ್ನ ಬೆರಳುಗಳನ್ನು ಅದರ ಕೆಳಗೆ ಜಜ್ಜುತ್ತಿದ್ದವು. ಎದೆಗೆ ಗುದ್ದುವಂತೆ ತಳ್ಳುತ್ತಿದ್ದವು. ಬಲಗಡೆಯವು ಕಿತ್ತುಕೊಳ್ಳುತ್ತಿದ್ದವು. ನಾನು ಯಾರೆಂದು ಅವಕ್ಕೆ ಗೊತ್ತಿತ್ತು... ಮತ್ತು ನನ್ನ ಮೇಲೆ ದ್ವೇಷವಿತ್ತು. ಅನಿಸಿದ್ದನ್ನು ಬರೆಯಬಾರದು ಎಂದೆ. ಇದು ಅನಿಸಿದ್ದಲ್ಲ, ಕೈಗೆ ತಿಳಿದದ್ದು.

ಆಗ ಹೊಳೆಯಿತು. ಎಡಗಡೆಯೆಂದರೆ ಮೇಲೆ. ಶಾಲೆಯ ಕಡೆ. ಬಲಗಡೆಯೆಂದರೆ ಕೆಳಗೆ.

ಕಲ್ಲು ಮೇಲಕ್ಕೆ ಹೋಗುತ್ತಿರಲಿಲ್ಲ. ಇಳಿಯುತ್ತಿತ್ತು.

ನಾನು ಸಾಕು ಎಂದೆ. ದನಿ ಹೊರಟಿತೋ ಇಲ್ಲವೋ ಗೊತ್ತಿಲ್ಲ. ನನ್ನ ಕೈ ತಡವಾಯಿತು. ಮುಂದಿನ ಕಲ್ಲು ನೇರ ಪಕ್ಕೆಲುಬಿಗೆ ಬಂತು. ಆ ಕಲ್ಲಿನ ಹಿಂದಿನಿಂದ, ಕಿವಿಯ ಹತ್ತಿರವೇ, ಹೊಗೆಸೊಪ್ಪಿನ ಉಸಿರಿನಲ್ಲಿ ಒಂದು ಹೆಂಗಸಿನ ದನಿ. ಹಳೆಯ ಕಾಲದ ತುಳು. ಕನ್ನಡದಲ್ಲಿ ಹೇಳಿದರೆ ಇಷ್ಟೇ:

"ನಿಲ್ಲಬೇಡ. ಮೇಲಿನಿಂದ ನೋಡ್ತಾ ಇದ್ದಾರೆ."

"ಯಾರು?" ಎಂದು ಕೇಳಿದೆ.

ನನ್ನ ಪಾದದ ಹತ್ತಿರ ಯಾರೋ ಉಗಿದ ಸದ್ದಾಯಿತು. ಆಮೇಲೆ ಮೇಲೆ, ಜಗಲಿಯಲ್ಲಿ, ಗಾಳಿಯನ್ನು ಸೀಳುವ ಒಂದು ತೆಳ್ಳಗಿನ ಸದ್ದು... ಸುಂಯ್ ಎಂದು. ಮತ್ತೊಮ್ಮೆ. ಸಾಲಿಗೆ ಸಾಲೇ ಬೇಗ ಬೇಗ ಕದಲಿತು.

ನಾನು ತಲೆ ಎತ್ತಲಿಲ್ಲ. ಎತ್ತಬಾರದೆಂದು ಕಲಿತದ್ದಕ್ಕೋ, ಎತ್ತಲು ಧೈರ್ಯವಾಗಲಿಲ್ಲವೋ, ಈಗ ಹೇಳಲಾರೆ. ಕಲ್ಲು ಬಂದಂತೆ ಕೊಡುತ್ತಾ ಹೋದೆ. ಒಂದರಲ್ಲಿ ಹೊಸ ಸುಣ್ಣ ಅಂಟಿಕೊಂಡಿತ್ತು. ಬೆರಳಿಗೆ ಜಾರಿತು. ಮಧ್ಯಾಹ್ನ ನಾನೇ ಬಳಿಸಿದ ಸುಣ್ಣ. ನನ್ನ ಶಾಲೆಯನ್ನು ನಾನೇ ಕೆಳಗೆ ಸಾಗಿಸುತ್ತಿದ್ದೇನೆಂದು ಗೊತ್ತಿದ್ದೂ ಕೈ ನಿಲ್ಲಲಿಲ್ಲ.

"ಸುಮತಿಯಕ್ಕಾ..."

ಕೆಳಗಿನಿಂದ ಟಾರ್ಚಿನ ಬೆಳಕು. ಹಸನಬ್ಬ. ಅವನ ಜೊತೆಗೆ ನಂತೂರಿನ ಅಷ್ಟೂ ಲಾರಿಗಳ ಸದ್ದು ಒಮ್ಮೆಲೇ ಕಿವಿಗೆ ಬಂದು ಬಿತ್ತು. ಆ ಹೊತ್ತಿಗೆ ನನ್ನ ಕೈಯಲ್ಲಿ ಒಂದು ಕಲ್ಲಿತ್ತು. ಎಡಗಡೆಯಿಂದ ತೆಗೆದುಕೊಂಡಿದ್ದೆ, ಬಲಕ್ಕೆ ಇನ್ನೂ ತಿರುಗಿರಲಿಲ್ಲ. ಬೆಳಕು ಬಿದ್ದಾಗ ಕೈ ಖಾಲಿ.

ಅವನು ಹತ್ತಿರ ಬರಲಿಲ್ಲ. ಕೆಳಗಿನ ಮೆಟ್ಟಿಲಿನಲ್ಲೇ ನಿಂತಿದ್ದ.

"ನೀವು ಎಂತ ಮಾಡ್ತಾ ಇದ್ರಿ ಅಕ್ಕ?"

"ನೀನು ಎಂತ ನೋಡಿದ್ದು?"

"ನಾನು ಬಂದು ಒಂದಷ್ಟು ಹೊತ್ತಾಯ್ತು. ಕರೆದೆ. ನಿಮಗೆ ಕೇಳ್ಲಿಲ್ಲ. ನೀವು ಒಬ್ಬರೇ... ಆಚೆ ತಿರುಗುದು, ಈಚೆ ತಿರುಗುದು. ಕೈಯಲ್ಲಿ ಎಂತ ಇರ್ಲಿಲ್ಲ."

ನಾನು ಅಂಗೈ ತೋರಿಸಿದೆ. ಎರಡೂ ಕೈಯ ಚರ್ಮ ಸುಲಿದಿತ್ತು. ಮೊಣಕೈಯವರೆಗೆ ಕೆಂಪು ಹುಡಿ. ಸೀರೆಯ ಎದೆಯ ಮೇಲೂ ಕೆಂಪು. ಅವನು ಬೆಳಕನ್ನು ನನ್ನ ಕಾಲಿಗೆ ಇಳಿಸಿದ. ನಾನು ಬರಿಗಾಲಲ್ಲಿದ್ದೆ. ನನ್ನ ಚಪ್ಪಲಿ ಮೆಟ್ಟಿಲಿನ ಬದಿಯಲ್ಲಿ, ಒಂದರ ಪಕ್ಕ ಒಂದು ಜೋಡಿಸಿಟ್ಟಿತ್ತು. ಬಿಟ್ಟದ್ದು ನನಗೆ ನೆನಪಿಲ್ಲ.

ಅವನೂ ರಿಕ್ಷಾದಲ್ಲಿ ನಮ್ಮ ಮನೆಯವರೆಗೆ ಬಂದ. ನಾನು ಇಳಿಯುವಾಗ, ನನ್ನ ಮುಖ ನೋಡದೆ ಹೇಳಿದ: "ನನ್ನ ತಂದೆ ಒಂದು ಮಾತು ಹೇಳ್ತಿದ್ರು. ಕತ್ತಲಾದ ಮೇಲೆ ಆ ಮೆಟ್ಟಿಲಲ್ಲಿ ನಿಲ್ಲಬಾರದು ಅಂತ. ಯಾಕೆ ಅಂತ ಹೇಳಿದವರಲ್ಲ. ನಾನು ಸಹ ಕೇಳ್ಲಿಲ್ಲ."

ಮರುದಿನ ಬೆಳಿಗ್ಗೆ ಇಂಜಿನಿಯರ್ ಬಂದರು. ಸಭ್ಯ ಮನುಷ್ಯ. ಬೆಂಚುಗಳನ್ನು ನೋಡಿ ಚೆನ್ನಾಗಿ ಇಟ್ಟಿದ್ದೀರಿ ಮೇಡಂ ಎಂದರು. ಸುತ್ತಿಗೆ ತೆಗೆದುಕೊಂಡು ಮೂಡಣ ಗೋಡೆಯಿಂದ ಸುರುಮಾಡಿದರು. ಗಟ್ಟಿ. ಎದುರಿನ ಗೋಡೆ ಗಟ್ಟಿ. ಪಡುವಣ ಗೋಡೆಗೆ ಒಂದು ಪೆಟ್ಟು ಹಾಕಿದರು.

ಖಾಲಿ ಮಡಕೆಯ ಸದ್ದು ಬಂತು.

ಅವರು ಮತ್ತೊಮ್ಮೆ ಬಡಿದರು. ಗಾರೆ ಹಪ್ಪಳದಂತೆ ಮುರಿದು ಒಳಗೆ ಬಿತ್ತು. ನಾನು ಕಣ್ಣಾರೆ ನೋಡಿದ್ದೇನೆ. ಒಳಗಿನ ಗಾರೆ ಇತ್ತು, ಹೊರಗಿನ ಗಾರೆ ಇತ್ತು, ನಡುವೆ ಒಂದು ಕಲ್ಲೂ ಇರಲಿಲ್ಲ. ಬರೀ ಕತ್ತಲೆ. ಆ ಕತ್ತಲೆಯಿಂದ ಒಂದು ವಾಸನೆ ಹೊರಗೆ ಬಂತು. ಹಸನಬ್ಬ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಹೊಗೆಸೊಪ್ಪು.

ವರ್ಷಾನುಗಟ್ಟಲೆ ಮಳೆ ನೀರು ಇಳಿದು ಕಲ್ಲು ಕರಗಿ ಹೋಗಿದೆ ಎಂದರು ಇಂಜಿನಿಯರ್. ಮುರಕಲ್ಲಿನಲ್ಲಿ ಹೀಗೂ ಆಗುತ್ತದೆಯಂತೆ. ಕರಗಿದ ಮಣ್ಣು ಎಲ್ಲಿ ಎಂದು ಕೇಳಿದೆ. ಅವರು ನೆಲ ನೋಡಿದರು, ಹೊರಗೆ ಹೋಗಿ ಗೋಡೆಯ ಬುಡ ನೋಡಿದರು, ವಾಚ್ ನೋಡಿದರು. ನಿನ್ನೆ ನಾನೇ ಬಡಿದು ನೋಡಿದ್ದೆ, ಗಟ್ಟಿಯಿತ್ತು ಎಂದೆ. ನಿಮಗೆ ಹಾಗೆ ಕೇಳಿರಬಹುದು ಮೇಡಂ ಎಂದರು. ವಯಸ್ಸಾದವರ ಜೊತೆ ಮಾತಾಡುವ ಮೆದು ದನಿಯಲ್ಲಿ. ಆ ದನಿ ನನಗೆ ಗೊತ್ತು. ನಾನೂ ಬಹಳ ಜನರ ಮೇಲೆ ಅದನ್ನು ಉಪಯೋಗಿಸಿದ್ದೇನೆ.

ಬೀಗದ ಕೈ ಅವರ ಕೈಗೆ ಕೊಟ್ಟೆ.

ಆ ರಾತ್ರಿ ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಅಕ್ಕ ನನ್ನ ಜೊತೆಗೇ ಇರುವುದು, ನನಗಿಂತ ಬಹಳ ದೊಡ್ಡವಳು. ಅಜ್ಜಿಯ ಮಡಿಲಲ್ಲಿ ಬೆಳೆದವಳು ಅವಳೇ. ನಾನು ಹುಟ್ಟುವಾಗ ಅಜ್ಜ ಅಜ್ಜಿ ಇಬ್ಬರೂ ಇರಲಿಲ್ಲ. ನನಗೆ ಅಜ್ಜನೆಂದರೆ ಮನೆಯ ಹಾಲ್‌ನ ಗೋಡೆಯ ಮೇಲಿನ ಪಟ. ಬಿಳಿ ರುಮಾಲು, ದಪ್ಪ ಮೀಸೆ. ಅಕ್ಕ ನನ್ನ ಅಂಗೈಗೆ ತೆಂಗಿನೆಣ್ಣೆ ಹಚ್ಚುತ್ತಾ ಕೇಳಿದಳು. ಅಜ್ಜ ಮೊದಲಿಗರಾಗಿ ನಿಂತ ಸಾಲಿನವರಿಗೆ ನನ್ನ ಮೇಲೆ ಯಾಕೆ ಅಷ್ಟು ಸಿಟ್ಟು ಎಂದು ನಾನು ಹೇಳುವಾಗ ಅವಳ ಕೈ ನಿಂತಿತು.

"ಅಜ್ಜ ಸಾಲಿನಲ್ಲಿ ನಿಂತದ್ದು ಅಂತ ನಿನಗೆ ಯಾರು ಹೇಳಿದ್ದು?"

"ಎಲ್ಲರೂ ಹೇಳ್ತಾರೆ. ಸ್ಟೇಜಿನಲ್ಲಿ ಹೇಳ್ತಾರೆ."

"ಹೌದು, ಸ್ಟೇಜಿನಲ್ಲಿ ಹೇಳ್ತಾರೆ. ಅಜ್ಜಿ ಹಾಗೆ ಹೇಳ್ಲಿಲ್ಲ." ಅಕ್ಕ ಎಣ್ಣೆಯ ಕುಪ್ಪಿಗೆ ಮುಚ್ಚಳ ಹಾಕಿದಳು. "ಸಾಲಿನಲ್ಲಿ ನಿಂತದ್ದು ನಮ್ಮ ಒಕ್ಕಲಿನವರು. ಇಡೀ ದಿನ ನಮ್ಮ ಗದ್ದೆಯಲ್ಲಿ ದುಡಿದವರು. ಅಜ್ಜ ನಿಲ್ತಿದ್ದದ್ದು ಮೇಲೆ. ಬೆತ್ತ ಹಿಡ್ಕೊಂಡು. ಒಬ್ಬರೂ ತಲೆ ಎತ್ತಬಾರದು."

"ಅವರ ಮಕ್ಕಳಿಗೆ ಶಾಲೆ ಆಯ್ತಲ್ಲ?"

"ಯಾವ ಮಕ್ಕಳಿಗೆ? ಅವರು ಕಿಟಕಿಯ ಹತ್ತಿರ ಬಂದ್ರೂ ಓಡಿಸ್ತಿದ್ರಂತೆ. ಒಳಗೆ ಕೂತ್ಕೊಳ್ಳಿಕ್ಕೆ ಬಿಟ್ಟದ್ದು ಅಜ್ಜ ಹೋದ ಮೇಲೆ."

"ನನಗೆ ಯಾಕೆ ಹೇಳ್ಲಿಲ್ಲ ಅಕ್ಕ ಇಷ್ಟು ವರ್ಷ?"

"ನೀನು ಕೇಳಿದ್ದು ಯಾವಾಗ? ನೀನು ಭಾಷಣ ಮಾಡ್ತಿದ್ದಿ."

ಶಾಲೆ ಈಗ ಇಲ್ಲ. ಯಂತ್ರ ಬಂದು ಕೆಡವಿತು. ಮೆಟ್ಟಿಲು ಮಾತ್ರ ಉಳಿದಿದೆ, ಎಲ್ಲಿಗೂ ಹೋಗದ ಮೆಟ್ಟಿಲು. ಹಸನಬ್ಬ ಫೋನ್ ಮಾಡುತ್ತಾನೆ, ಮೊಮ್ಮಕ್ಕಳ ವಿಷಯ ಹೇಳುತ್ತಾನೆ, ಆ ವಿಷಯ ತೆಗೆಯುವುದಿಲ್ಲ. ನನ್ನ ಅಂಗೈಯ ಗಾಯ ಬೇಗ ಒಣಗಿತು. ಹಾಲ್‌ನಲ್ಲಿ ಅಜ್ಜನ ಪಟ ಅಲ್ಲೇ ಇದೆ. ಅದರ ಕೆಳಗೆ ಹೋಗುವಾಗ ನಾನು ತಲೆ ಎತ್ತುವುದಿಲ್ಲ. ಆ ಸಂಜೆ ಮೆಟ್ಟಿಲಿನಲ್ಲಿ ತಲೆ ಎತ್ತಿದ್ದರೆ ಜಗಲಿಯ ಮೇಲೆ ಯಾರನ್ನು ನೋಡುತ್ತಿದ್ದೆ ಎಂಬುದನ್ನು ಯೋಚಿಸುವುದೂ ಇಲ್ಲ.

ದಿನಚರಿ ಮೊದಲಿನಂತೆಯೇ ಇದೆ. ಬೆಳಿಗ್ಗೆ ಏಳುವುದು, ನಡೆಯುವುದು, ಸಂಜೆ ದೀಪ ಹಚ್ಚಿದ ಮೇಲೆ ಒಣಗಿದ ಬಟ್ಟೆ ಮಡಚುವುದು. ಅಕ್ಕ ಹಗ್ಗದಿಂದ ತೆಗೆದು ಕೊಡುತ್ತಾಳೆ, ನಾನು ಮಡಚುತ್ತೇನೆ. ಒಂದೇ ಒಂದು ಬದಲಾವಣೆ. ಅವಳು ಎಡಗಡೆಯಿಂದ ಕೊಟ್ಟರೆ ನಾನು ಕೈ ಚಾಚುವುದಿಲ್ಲ. ಕೆಳಗಿಡು ಎನ್ನುತ್ತೇನೆ. ಅವಳು ಏನೂ ಕೇಳದೆ ಕೆಳಗಿಡುತ್ತಾಳೆ.

ಆದರೂ ಕೆಲವು ಸಂಜೆ, ಕೆಲಸವೆಲ್ಲ ಮುಗಿದು ಎರಡೂ ಕೈ ಖಾಲಿಯಾಗಿರುವಾಗ, ಹೊರಗಿನ ಸದ್ದು ಒಮ್ಮೆಲೇ ನಿಲ್ಲುತ್ತದೆ. ಕೊನೆಯ ಕಲ್ಲು ನಾನು ದಾಟಿಸಲಿಲ್ಲವಲ್ಲ... ಅದು ಎಲ್ಲಿ ಹೋಯಿತೋ ನನಗೆ ಗೊತ್ತಿಲ್ಲ. ನನ್ನ ಬಲಗಡೆ ಆ ಎರಡು ಕೈಗಳು ಇನ್ನೂ ಚಾಚಿಕೊಂಡೇ ಇವೆ. ಅವುಗಳ ಬಿಸಿ ತೋಳಿಗೆ ತಾಗುತ್ತದೆ.